ಎರಡನೇ ಕಂತು

ಕಳೆದ ತಿಂಗಳು ನಮ್ಮ ಶಾಲೆಗೆ ಹೊಸ ಜೆರಾಕ್ಸ್ ಯಂತ್ರ ಬಂತು. ಕೆ.ಆರ್. ಪೇಟೆಯ ಈ ಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡಲು ಶುರು ಮಾಡಿ ಮೂರು ವರ್ಷವಾಯಿತು. ಮೊದಲ ಹಾಳೆ ಹೊರಬಂದಾಗ ಎತ್ತಿಕೊಂಡೆ. ಬಿಸಿಯಿತ್ತು. ಸುಟ್ಟ ಪ್ಲಾಸ್ಟಿಕ್ಕಿಗೂ ಹೊಸ ಪುಸ್ತಕಕ್ಕೂ ನಡುವಿನ ಆ ವಾಸನೆ… ಬೆಲ್ ಹೊಡೆದದ್ದು ಕೇಳಿಸಲೇ ಇಲ್ಲ.

ಪಾಂಡವಪುರದಲ್ಲಿ ನಾನು ಓದಿದ ಕಾಲೇಜಿನ ಎದುರು ಒಂದು ಜೆರಾಕ್ಸ್ ಅಂಗಡಿಯಿತ್ತು. ಅದರ ಯಜಮಾನರು ನಮ್ಮಪ್ಪನಿಗಿಂತ ದೊಡ್ಡವರು, ಆದರೂ ನಮಗೆಲ್ಲ ಅಂಗಡಿ ಅಣ್ಣ. ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನಗಳಲ್ಲಿ ಬಾಗಿಲಲ್ಲಿ ಸಾಲು ನಿಲ್ಲುತ್ತಿತ್ತು. ಕನ್ನಡಕ ಹಣೆಗೇರಿಸಿ ಒಬ್ಬೊಬ್ಬರನ್ನೂ ಬೈಯುತ್ತಲೇ ಸರಿ ಮಾಡಿ ಕಳಿಸುತ್ತಿದ್ದರು.

“ನಿಮ್ಮಪ್ಪನ ಎಸ್ರಲ್ಲಿ ಒಂದಕ್ಸರ ಎಚ್ಚಾಗದೆ ಕಣವ್ವ. ಇಂಗಿದ್ರೆ ಕಂಪ್ಯೂಟ್ರು ತಕಳಾಕಿಲ್ಲ.”

ಬಿ.ಎಸ್ಸಿ. ಎರಡನೇ ವರ್ಷ ನನ್ನ ಅರ್ಜಿ ವಾಪಸು ಬಂತು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಅದು ಖಾಸಗಿ ಕಾಲೇಜು. ಫೀಸು ಬಾಕಿಯಿದ್ದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಪಟ್ಟಿ ಹಾಕಿದ್ದರು. ಅದರಲ್ಲಿ ನನ್ನ ಹೆಸರಿತ್ತು. ಅದೇ ದಿನ ಸಂಜೆ ನಾಲ್ಕಕ್ಕೆ ಗಡುವು. ಅಮ್ಮ ಕೊಟ್ಟಿದ್ದ ಅರ್ಧ ದುಡ್ಡು ಮಾತ್ರ ನನ್ನ ಚೀಲದಲ್ಲಿತ್ತು. ನಾನು ಅಳಲಿಲ್ಲ. ಬೆಳಿಗ್ಗೆ ಹಾಸ್ಟೆಲಿನಿಂದ ಬಂದು ಅಂಗಡಿಯ ಬೆಂಚಿನ ಮೇಲೆ ಕೂತೆ, ಅಷ್ಟೇ…

“ಕೂತ್ಕಂಡಿದ್ರೆ ಕಾಗ್ದ ತಾನೇ ನಡ್ಕಂಡ್ ಬತ್ತದಾ? ಎದ್ದೇಳು,” ಅಂದರು. ಸಾಲಿನಲ್ಲಿದ್ದವರನ್ನು ನಾಳೆ ಬನ್ನಿ ಅಂತ ಕಳಿಸಿ ಶೆಟರ್ ಎಳೆದರು.

ಅವರ ಹಳೇ ಸ್ಕೂಟರಿನಲ್ಲಿ ನಾಗಮಂಗಲ ದಾಟಿ ಬೆಳ್ಳೂರಿಗೆ ಹೋದೆವು. ನಮ್ಮ ಮನೆ ಅಲ್ಲೇ. ಕ್ರಾಸಿನಲ್ಲಿ ಅಪ್ಪನ ಟೀ ಅಂಗಡಿ. ಅಂಗಡಿ ಅಣ್ಣ ಇಳಿದು ಹೇಳಿದರು: “ಸ್ಕಾಲರ್‌ಶಿಪ್ ಬರಾಗಂಟ ಕಾಲೇಜಲ್ಲಿ ಎರಡು ಕಂತಲ್ಲಿ ಕಟ್ಟಸ್ಕತಾರೆ. ಪೋಷಕ್ರು ಬಂದು ಸೈನ್ ಆಕ್ಬೇಕು. ಬನ್ನಿ.”

“ಸೈನ್ ಆಕುದ್ರೆ ನಾಳಿಕೆ ನನ್ನೇ ಇಡ್ಕತಾರೆ. ನಂಗೆ ಯಾಪಾರ ಅದೆ,” ಅಂದರು ಅಪ್ಪ. ನಮ್ಮಿಬ್ಬರಿಗೂ ಟೀ ಕೊಟ್ಟು ಬೇರೆ ಗಿರಾಕಿಗಳ ಕಡೆ ತಿರುಗಿದರು. ಅಪ್ಪ ಕೆಟ್ಟವರಲ್ಲ. ಹೆದರಿದ್ದರು, ಈಗ ಹಾಗನಿಸುತ್ತದೆ.

ನಾಡಕಚೇರಿಯಲ್ಲಿ ಹೊಸ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟು, ಅದರ ರಸೀದಿ ಹಿಡಿದು ವಾಪಸು ಬಂದಾಗ ಕಾಲೇಜಿನ ಕೌಂಟರ್ ಮುಚ್ಚಲು ಸ್ವಲ್ಪವೇ ಹೊತ್ತಿತ್ತು. ಗುಮಾಸ್ತರು ರಸೀದಿ ನೋಡಿದರು. ಅರ್ಧ ಈಗ, ಇನ್ನರ್ಧ ಸಂಕ್ರಾಂತಿ ಕಳೆದ ಮೇಲೆ. ಆದರೆ ದೊಡ್ಡವರೊಬ್ಬರ ಸಹಿ ಬೇಕೇ ಬೇಕು ಅಂದರು. ಅಂಗಡಿ ಅಣ್ಣ ಪೆನ್ನು ತೆಗೆದರು. ಸಂಬಂಧ ಎಂಬಲ್ಲಿ ‘ಎದುರಂಗಡಿ’ ಎಂದು ಬರೆದರು.

“ಈ ಉಡ್ಗಿ ಕಟ್ನಿಲ್ಲ ಅಂದ್ರೆ ನೀವೇ ಕಟ್ಬೇಕಾಯ್ತದೆ,” ಅಂದರು ಗುಮಾಸ್ತರು.

“ಕಟ್ತಾಳೆ ಬುಡಿ.”

ಡಿಸೆಂಬರಿನಲ್ಲಿ ವಿದ್ಯಾರ್ಥಿವೇತನ ನನ್ನ ಖಾತೆಗೆ ಬಂತು. ಅದೇ ವಾರ ಅಪ್ಪನ ಅಂಗಡಿಯ ಫ್ರಿಜ್ಜು ಕೆಟ್ಟಿತ್ತು. ಎಟಿಎಂ ಕಾರ್ಡನ್ನು ಅವರು ಕಿತ್ತುಕೊಳ್ಳಲಿಲ್ಲ. ಕೇಳಿದರು, ನಾನೇ ಕೊಟ್ಟೆ. ಸಂಕ್ರಾಂತಿಯೊಳಗೆ ತಿರುಗಿ ಹಾಕುತ್ತೇನೆ ಅಂದರು. ಹಾಕಲಿಲ್ಲ.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ, ಇನ್ನಷ್ಟು ದಿನ ಕೇಳೋಣವೆಂದು ಕೌಂಟರಿಗೆ ಹೋದೆ. ಗುಮಾಸ್ತರು ಕಂಪ್ಯೂಟರ್ ನೋಡಿ, “ಕಟ್ಟಾಗದೆ ಕಣವ್ವ, ಸೈನ್ ಆಕಿದ್ರಲ್ಲ, ಆ ಅಂಗ್ಡಿಯೋರೇ ಮೊನ್ನೆ ಬಂದು ಕಟ್ಟುದ್ರು,” ಎಂದು ರಸೀದಿ ಕೈಗಿಟ್ಟರು. ಖುಷಿಯೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. ರಸೀದಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ… ಅಂದಿನಿಂದ ನಾನು ರಸ್ತೆಯ ಈಚೆ, ಕಾಲೇಜಿನ ಬದಿಯಲ್ಲೇ ನಡೆದೆ. ಮೂರನೇ ವರ್ಷದ ಅರ್ಜಿಯನ್ನು ಬಸ್ ಸ್ಟ್ಯಾಂಡಿನ ಬೇರೆ ಅಂಗಡಿಯಲ್ಲಿ ತುಂಬಿಸಿದೆ. ಅಂಗಡಿ ಅಣ್ಣ ಒಮ್ಮೆಯೂ ಕರೆದು ಕೇಳಲಿಲ್ಲ. ದುಡ್ಡು ಕೈಗೆ ಬಂದ ದಿನ ಹೋಗೋಣ ಅಂದುಕೊಂಡೆ. ಆಮೇಲೆ ಬಿ.ಎಡ್. ಬಂತು, ಕೆಲಸ ಬಂತು, ತಂಗಿಯ ಫೀಸು ಬಂತು…

ಶಾಲೆಗೆ ಯಂತ್ರ ಬಂದ ಆ ವಾರದ ಭಾನುವಾರ ಕವರಿನಲ್ಲಿ ದುಡ್ಡಿಟ್ಟುಕೊಂಡು ಪಾಂಡವಪುರಕ್ಕೆ ಹೋದೆ. ಅಂಗಡಿಯಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಅಂಗಡಿ ಅಣ್ಣ ತೀರಿಕೊಂಡು ಎರಡು ವರ್ಷವಾಯಿತು ಎಂದ ಅಲ್ಲಿದ್ದವನು, ಬಾಬುರಾಯನಕೊಪ್ಪಲಿನ ಮನೆಯ ಗುರುತು ಹೇಳಿದ.

ಅವರ ಹೆಂಡತಿ ಜಗಲಿಯಲ್ಲಿ ಕೂತು ರವಿಕೆಗಳಿಗೆ ಹುಕ್ಕು ಹೊಲಿಯುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ, ಫ್ರಿಜ್ಜಿನ ವಿಷಯವನ್ನೂ. ಅವರು ಸೂಜಿ ನಿಲ್ಲಿಸಿ ಕೇಳಿಸಿಕೊಂಡರು.

“ಆ ವರ್ಸ ಮಿಸಿನ್ ಕೆಟ್ಟೋಯ್ತು, ರಿಪೇರಿಗೆ ಓಯ್ತು ದುಡ್ಡು ಅಂದಿದ್ರು ನಂಗೆ,” ಅಂದರು. ಕೋಪವಿರಲಿಲ್ಲ. ಕವರನ್ನು ತೆರೆಯದೆ ಪಕ್ಕಕ್ಕಿಟ್ಟರು. “ಓದ್ ಮುಗುಸ್ದಾ ಮಗ?”

“ಮುಗಿಸಿದೆ. ಟೀಚರ್ ಆಗಿದೀನಿ.”

“ಅವ್ರಿಗೇಳಿದ್ದಾ?”

“ಇಲ್ಲ,” ಅಂದೆ.

ಅವರು ಹಲ್ಲಿನಲ್ಲಿ ದಾರ ಕಡಿದರು. ಊಟ ಮಾಡಿಕೊಂಡು ಹೋಗು ಅಂದರು. ಮಾಡಿದೆ. ಏನು ಸಾರು ಅಂತ ನೆನಪಿಲ್ಲ.

ಅದಾಗಿ ಮೂರು ವಾರ. ಕವರು ಕೊಟ್ಟರೆ ಹಗುರವಾದೀತು ಅಂದುಕೊಂಡಿದ್ದೆ, ಹಾಗೇನೂ ಆಗಿಲ್ಲ. ಪಾಠ ಮಾಡುತ್ತೇನೆ, ಮನೆಗೆ ಬರುತ್ತೇನೆ. ಅಂಗಡಿ ಅಣ್ಣ ಕಣ್ಣು ಮುಚ್ಚುವಾಗ ನನ್ನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಒಂದೇ, ನಾನು ಕಟ್ಟಲಿಲ್ಲ ಎಂಬುದು. ಅದು ಸುಳ್ಳೂ ಅಲ್ಲ.