ಇನ್ನೂರ ಎಂಬತ್ತೆಂಟು ಡಿಗ್ರಿ ಜಂಬ

ಅಂಕಿ ಬಾಯಿಪಾಠ ಮಾಡಿದವನನ್ನು ಜಾಣನೆಂದು ನಂಬುವ ಮೂರ್ಖರ ಸಂಘವೇನಾದರೂ ಇದ್ದರೆ ಅದರ ಅಧ್ಯಕ್ಷಗಿರಿ ನನಗೇ ಸಲ್ಲಬೇಕು. ಆ ನಂಬಿಕೆಗೆ ನಾನು ಹೆಂಡತಿಯ ಕಾರನ್ನೇ ಬಲಿಕೊಟ್ಟವನು.

ಕಾರು ವಿಜಯಳದು, ಇಪ್ಪತ್ತೈದು ವರ್ಷ ಹಳೆಯದು. ಘೋಡಬಂದರ್ ರಸ್ತೆಯ ನಮ್ಮ ಸೊಸೈಟಿಯಿಂದ ಕಲ್ಯಾಣದ ಶಾಲೆಗೆ ದಿನಾ ಅದರಲ್ಲೇ ಹೋಗಿ ಪಾಠ ಹೇಳಿ ಬರುತ್ತಾಳೆ. ಎಂಜಿನ್ ದಣಿದಿತ್ತು, ಬಿಚ್ಚಿ ರಿಪೇರಿ ಮಾಡಿಸಬೇಕಿತ್ತು. ಅಷ್ಟನ್ನೇ ಮಾಡಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಮೇಲಿನ ಮಹಡಿಯ ಶ್ರೀಧರ್ ಬೆಂಗಳೂರಿನವರು. ಷೇರುಪೇಟೆಯಾಗಲಿ, ಸಕ್ಕರೆ ಕಾಯಿಲೆಯಾಗಲಿ, ಎರಡು ವಿಡಿಯೋ ನೋಡಿದರೆ ಸಾಕು, ಪಾರಂಗತರಾಗಿಬಿಡುತ್ತಾರೆ. "ಸಾರ್, ಹೇಗೂ ಎಂಜಿನ್ ಬಿಚ್ತಿದೀರ, ಕ್ಯಾಮ್‌ಶಾಫ್ಟ್ ಬದಲಾಯಿಸ್ಬಿಡಿ. ಇನ್ನೂರೆಂಬತ್ತೆಂಟು ಡಿಗ್ರೀದು ತಗೊಳ್ಳಿ, ಗಾಡಿ ಹಾರುತ್ತೆ!" ಎಂದರು.

ಕ್ಯಾಮ್‌ಶಾಫ್ಟ್ ಎಂದರೆ ಉಬ್ಬುಗಳಿರುವ ಒಂದು ದಂಡ. ಅದು ತಿರುಗಿದಂತೆಲ್ಲ ಉಬ್ಬುಗಳು ಎಂಜಿನ್ನಿನ ವಾಲ್ವುಗಳನ್ನು ಒತ್ತಿ ತೆರೆಯುತ್ತವೆ. ವಾಲ್ವು ಎಷ್ಟು ತೆರೆಯಿತೆಂಬುದು ಲಿಫ್ಟ್. ಎಷ್ಟು ಹೊತ್ತು ತೆರೆದಿತ್ತೆಂಬುದು ಡ್ಯುರೇಶನ್, ಅದರ ಲೆಕ್ಕ ಎಂಜಿನ್ ಅಷ್ಟರಲ್ಲಿ ಎಷ್ಟು ತಿರುಗಿತೆಂಬ ಡಿಗ್ರಿಯಲ್ಲಿ. ಇಷ್ಟು ಕಲಿತದ್ದೇ ತಡ, ಬೇಲಾಪುರದ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ, ಕೇಳದವರಿಗೂ ಕೂರಿಸಿಕೊಂಡು ವಿವರಿಸಿದೆ.

ಕಳವಾ ಎಂಬ ಊರಿನಲ್ಲಿ ಗ್ಯಾರೇಜಿಟ್ಟಿರುವ ಕಲಬುರಗಿಯ ಬಸಣ್ಣ ಮಾತ್ರ ನಾನು ಕ್ಯಾಮ್‌ಶಾಫ್ಟಿನ ಅಂಕಿಗಳನ್ನು ಬರೆದು ಒಯ್ದಿದ್ದ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಸಾಹೇಬ್ರ, ಈ ಡಿಗ್ರಿ ಎಲ್ಲಿಂದ ಅಳದಾರ? ವಾಲ್ವ್ ಕೂದಲೆಳಿಯಷ್ಟು ಎದ್ದಾಗಿಂದೋ, ಒಂದ್ ಮಿಲಿಮೀಟರ್ ಎದ್ದ ಮ್ಯಾಲಿಂದೋ?"

ಕಾಗದದಲ್ಲಿ ಅದಿರಲಿಲ್ಲ. ಗೋಡೆಯೊಳಗೆ ಅಳೆದ ಕಾರ್ಪೆಟ್ ಏರಿಯಾ ಒಂದು, ಬಿಲ್ಡರ್ ಹೇಳುವ ಏರಿಯಾ ಇನ್ನೊಂದು ಎಂದು ಮನೆ ಕೊಂಡಾಗಲೇ ಪೆಟ್ಟು ತಿಂದಿದ್ದ ನನಗೆ ಆಗಲಾದರೂ ಹೊಳೆಯಬೇಕಿತ್ತು.

"ಮತ್ತ ಇದು ಜೋರ್ ಕೊಡೋದು ನಾಕು ಸಾವಿರ ಆರ್‌ಪಿಎಂ ದಾಟಿದ ಮ್ಯಾಲ. ಈ ಟ್ರಾಫಿಕ್‌ನ್ಯಾಗ ಅಕ್ಕಾರು ಅಲ್ಲೀ ತನಕ ಯಾವಾಗ ಒಯ್ತಾರ್ರಿ?"

ಓದಿದವರಿಗೆಂದೇ ಒಂದು ನಗೆಯಿದೆ. ಅದನ್ನು ನಕ್ಕು, "ನೀನು ಹಾಕು ಬಸಣ್ಣ" ಎಂದೆ.

ಹಾಕಿದ. ಕಾರು ನಿಂತಲ್ಲೇ ಗಡಗಡ ನಡುಗತೊಡಗಿತು. ಶ್ರೀಧರ್ ಕಣ್ಣು ಮುಚ್ಚಿ ಆಲಿಸಿ, "ರೇಸ್ ಸೌಂಡು ಸಾರ್!" ಎಂದರು. ವಿಜಯಾ, "ಚಳಿಜ್ವರ ಬಂದಂಗಿದೆ" ಎಂದಳು. ಪಂಡಿತರಿಬ್ಬರೂ ಅವಳ ಅಜ್ಞಾನಕ್ಕೆ ಮರುಗಿದೆವು.

ಮೂರನೆಯ ದಿನ ವಿಜಯಾ ಶಾಲೆಗೆ ಹೊರಟಾಗ ಕಳವಾ ಸೇತುವೆಯ ಮೇಲೆ ವಾಹನಗಳು ಅಂಗುಲ ಅಂಗುಲ ತೆವಳುತ್ತಿದ್ದವು. ಎಂಜಿನ್ ನಾಲ್ಕು ಸಲ ಆರಿತು. ಐದನೆಯ ಸಲ ಆರಿದಾಗ ಬ್ರೇಕ್ ಒತ್ತಿದರೆ ಪೆಡಲು ಕಲ್ಲಿನಂತೆ ಬಿಗಿದುಕೊಂಡಿತ್ತು. ಕಾರು ಮುಂದಿನ ಆಟೋಗೆ ಹೋಗಿ ಗುದ್ದಿತು. ಬ್ರೇಕಿಗೆ ನೆರವಾಗುವುದು ಎಂಜಿನ್ ಎಳೆಯುವ ಗಾಳಿಯ ಸೆಳೆತ. ನಿಧಾನ ಓಟದಲ್ಲಿ ಆ ಸೆಳೆತವನ್ನೇ ಇಂಥ ಕ್ಯಾಮ್‌ಶಾಫ್ಟ್ ನುಂಗಿಹಾಕುತ್ತದೆ. ವಿಡಿಯೋ ಇದನ್ನು ಹೇಳಿರಲಿಲ್ಲ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ವಿಜಯಾ ಫೋನ್ ಮಾಡಿದ್ದು ನನಗಲ್ಲ, ಬಸಣ್ಣನಿಗೆ.

ನಾನು ಲೋಕಲ್ ರೈಲು ಹಿಡಿದು ಗ್ಯಾರೇಜಿಗೆ ಓಡಿದಾಗ ಅವಳು ಹಳೆಯ ಟೈರಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು.

"ರೀ, ಬ್ಲೌಸ್ ಹೊಲಿಯೋ ಟೈಲರ್ ಕೂಡ ಯಾರ ಅಳತೆ ಅಂತ ಕೇಳ್ತಾನೆ. ಗಾಡಿ ಓಡಿಸೋಳು ನಾನು. ನನ್ನ ಒಂದು ಮಾತು ಕೇಳಿದ್ರಾ?"

ಬಸಣ್ಣ ನನ್ನತ್ತ ನೋಡಲೂ ಇಲ್ಲ. "ಅಕ್ಕಾ, ಸೇತುವಿ ಏರೋವಾಗ ಯಾವ ಗೇರ್‌ನ್ಯಾಗ ಇರ್ತೀರಿ? ದಿನಾ ಎಷ್ಟು ಸಲ ನಿಂದರ್ತೀರಿ?" ಎಂದು ಅವಳನ್ನೇ ಒಂದೊಂದಾಗಿ ಕೇಳಿದ. ಆಮೇಲೆ, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕಾರಿನ ಮೂಲ ಕ್ಯಾಮ್‌ಶಾಫ್ಟನ್ನು ಹೊರತೆಗೆದ. ಅದು ಚೂರೂ ಸವೆದಿರಲಿಲ್ಲ.

ಅದನ್ನೇ ಮತ್ತೆ ಕೂರಿಸಿ, ಮರುದಿನ ಟ್ರಯಲ್. ವಿಜಯಾ ಸ್ಟಿಯರಿಂಗ್ ಹಿಡಿದಳು, ಬಸಣ್ಣ ಪಕ್ಕದಲ್ಲಿ ಕೂತ, ನನ್ನನ್ನು ಹಿಂದೆ ತಳ್ಳಿದರು. ಸೇತುವೆ ದಾಟುವವರೆಗೂ ಅವರಿಬ್ಬರೂ ಕ್ಲಚ್ಚು, ಎರಡನೆಯ ಗೇರು ಎಂದು ಮಾತಾಡುತ್ತಲೇ ಇದ್ದರು. ಆ ವಿಷಯದಲ್ಲಿ ನನಗೂ ಒಂದು ಅಭಿಪ್ರಾಯವಿತ್ತು. ಸದ್ಯ, ಯಾರೂ ಕೇಳಲಿಲ್ಲ.