ಟಿಟ್ಟಿಭದ ಮೊಟ್ಟೆ, ಧಣಿಯ ಒಂದು ಹೊಡೆತ

ಧಣಿಯ ಎರಡು ಕೈಗಳು ಒಬ್ಬನೇ ಮನುಷ್ಯನ ಕೈಗಳಂತೆ ಕಾಣುತ್ತಿರಲಿಲ್ಲ. ಬಲಗೈ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಎಡಗೈ ಮಣಿಕಟ್ಟಿನಿಂದ ಕೆಳಗೆ ಬೇಯಿಸಿದ ಕೆಸುವಿನ ಗಡ್ಡೆಯಷ್ಟು ಬೆಳ್ಳಗಿತ್ತು. ಮೂಡುಬಿದಿರೆಯ ಅವರ ಪಾತ್ರೆ ಅಂಗಡಿಗೆ ಹೊಸದಾಗಿ ಬಂದ ಗಿರಾಕಿಗಳು ಅದನ್ನು ಚರ್ಮದ ಕಾಯಿಲೆ ಎಂದುಕೊಂಡು ಚಿಲ್ಲರೆಯನ್ನು ಅವರ ಬಲಗೈಯಿಂದಲೇ ತೆಗೆದುಕೊಳ್ಳಲು ನೋಡುತ್ತಿದ್ದರು. ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಗಾಲ್ಫ್ ಆಡುವವರು ಎಡಗೈಗೆ ಮಾತ್ರ ಕೈಗವಸು ಹಾಕುತ್ತಾರೆ ಎಂದು ಎಷ್ಟು ಜನರಿಗೆ ವಿವರಿಸುವುದು?

ನಾನು ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ಆರು ವರ್ಷ ಬಾಡಿಗೆಗಿದ್ದೆ. ನನ್ನ ಊರು ಪುಂಜಾಲಕಟ್ಟೆ, ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಊರಿನವರೆಲ್ಲ ಅವರನ್ನು ಧಣಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರಿಗೆ ನಾನು ಮಾಸ್ಟ್ರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಅವರ ಮಾತೆಂದು ಬರೆಯುವುದೆಲ್ಲ ನನ್ನ ಕನ್ನಡಕ್ಕೆ ಬಂದ ಮಾತು. ಬರುವ ದಾರಿಯಲ್ಲಿ ಎಷ್ಟು ಬದಲಾಗಿದೆಯೋ ನನಗೆ ಗೊತ್ತಿಲ್ಲ.

ಐವತ್ತು ದಾಟುವ ತನಕ ಅವರು ಗಾಲ್ಫ್ ಕೋಲನ್ನು ಮುಟ್ಟಿರಲಿಲ್ಲವಂತೆ. ಪಂದ್ಯದ ಕಪ್‌ಗಳಿಗೆ ಹೆಸರು ಕೊರೆದು ಕೊಡುವ ಕೆಲಸವೂ ಅಂಗಡಿಯಲ್ಲಿತ್ತು. ಹಾಗೆ ಒಂದು ಸಲ ಮಂಗಳೂರಿನ ಹಾದಿಯ ಗಾಲ್ಫ್ ಮೈದಾನಕ್ಕೆ ಕಪ್ ಕೊಡಲು ಹೋದವರ ಕೈಗೆ ಯಾರೋ ತಮಾಷೆಗೆ ಕೋಲು ಕೊಟ್ಟರು. ಸ್ಟೀಲಿನ ಮೇಲೆ ಅಕ್ಷರ ಕೊರೆಯುವವರ ಕೈ, ನಡುಗಲಿಲ್ಲ. ಆಮೇಲೆ ಪ್ರತಿ ಭಾನುವಾರ ಬೆಳಗಾಗುವ ಮೊದಲೇ ಹಳೆಯ ವ್ಯಾನಿನಲ್ಲಿ ತೋಡಾರು ದಾಟಿ ಹೋಗುವುದು ಶುರುವಾಯಿತು. ಅಷ್ಟು ದೂರ ಹೋಗಿ ಚೆಂಡು ಹೊಡೆಯುವುದಕ್ಕಿಂತ ನಮ್ಮ ಗದ್ದೆಗೆ ಬಂದು ಹೆಂಟೆ ಒಡೆಯಬಾರದೇ ಎಂದು ಎದುರಿನ ಹೋಟೆಲಿನವರು ಕೆಣಕುತ್ತಿದ್ದರು. ಕೂಲಿ ಎಷ್ಟು ಕೊಡ್ತೀರಿ ಎಂದು ಇವರು ಗಂಭೀರವಾಗಿ ಕೇಳುತ್ತಿದ್ದರು.

ಜೊತೆಗೆ ಒಬ್ಬ ಬೇಕಿತ್ತು, ನನ್ನನ್ನು ಎಳೆದುಕೊಂಡು ಹೋದರು. ಆ ಆಟದಲ್ಲಿ ಯಾರೂ ತನ್ನ ಹೊಡೆತವನ್ನು ತಾನೇ ಬರೆದುಕೊಳ್ಳುವುದಿಲ್ಲ. ಜೊತೆಗಾರ ಎಣಿಸಿ, ಕಾರ್ಡಿನಲ್ಲಿ ಬರೆದು, ರುಜು ಹಾಕಬೇಕು. ಅವರ ಕಾರ್ಡು ನನ್ನ ಕೈಯಲ್ಲಿ, ನನ್ನದು ಅವರ ಕೈಯಲ್ಲಿ. ಮೊದಲ ದಿನವೇ ನಿಯಮದ ಪುಸ್ತಕವನ್ನು ನನಗೆ ಕೊಟ್ಟು, ಇಂಗ್ಲಿಷ್ ನಿಮಗೆ ಬರ್ತದೆ, ಓದಿ ನನಗೆ ಹೇಳಿ ಎಂದಿದ್ದರು. ನಾನು ಹತ್ತು ಪುಟ ಓದಿದೆ. ಉಳಿದದ್ದೂ ಗೊತ್ತಿರುವವನಂತೆ ನಡೆದುಕೊಂಡೆ.

ಅವರು ಜೈನರು. ಸೂರ್ಯ ಹುಟ್ಟುವ ಮೊದಲು ನೀರನ್ನೂ ಕುಡಿಯುತ್ತಿರಲಿಲ್ಲ. ಚೆಂಡು ಬೀಳಿಸಬೇಕಾದ ಮೂರನೆಯ ಕುಳಿಯ ಹತ್ತಿರ ಬೆಳಕು ಏರಿದ ಮೇಲೆ ಬಾಟಲಿ ತೆರೆಯುತ್ತಿದ್ದರು. ಮಳೆಗಾಲದ ನಾಲ್ಕು ತಿಂಗಳು ಮೈದಾನಕ್ಕೆ ಕಾಲಿಡುತ್ತಿರಲಿಲ್ಲ. ಹುಲ್ಲಿನಲ್ಲಿ ಆಗ ಹುಳಹುಪ್ಪಟೆ ತುಂಬಿರುತ್ತವೆ, ಕಾಲಡಿ ಸಾಯುತ್ತವೆ ಎಂದು. ಪ್ರತಿ ವರ್ಷ ದೀಪಾವಳಿಗೆ ಕೋಲು ಹಿಡಿದಾಗ ಕೈ ಹಿಂದಿನದನ್ನೆಲ್ಲ ಮರೆತಿರುತ್ತಿತ್ತು. ಏರಿದ ಮೆಟ್ಟಿಲನ್ನೇ ಮತ್ತೆ ಏರುವುದು.

ಆ ಮೆಟ್ಟಿಲಿಗೆ ಒಂದು ಅಂಕೆ ಉಂಟು, ಹ್ಯಾಂಡಿಕ್ಯಾಪ್ ಎನ್ನುತ್ತಾರೆ. ಹದಿನೆಂಟು ಕುಳಿ ಮುಗಿಸಲು ಮೈದಾನಕ್ಕೆ ಗೊತ್ತುಮಾಡಿದ ಹೊಡೆತಗಳಿಗಿಂತ ನಿಮಗೆ ಸುಮಾರು ಎಷ್ಟು ಹೆಚ್ಚು ಬೇಕು ಎಂಬ ಲೆಕ್ಕ. ಇತ್ತೀಚಿನ ಇಪ್ಪತ್ತು ಆಟಗಳಲ್ಲಿ ಚೆನ್ನಾಗಿ ಆಡಿದ ಎಂಟರ ಸರಾಸರಿ ತೆಗೆಯುತ್ತಾರೆ. ಅಂಕೆ ಇಳಿದಷ್ಟೂ ಒಳ್ಳೆಯದು. ಹೊಟ್ಟೆಪಾಡಿಗಲ್ಲದೆ ಆಸೆಗೆ ಆಡುವವನು ಎಷ್ಟಕ್ಕೆ ಇಳಿದರೆ ಒಳ್ಳೆಯ ಆಟಗಾರ ಎಂದು ನಾನೊಮ್ಮೆ ಕೇಳಿದ್ದೆ.

“ಹದಿನೆಂಟು ಅಂದ್ರೆ ಊಟಕ್ಕೆ ಕೂತವರು ಎದ್ದು ಹೋಗುವುದಿಲ್ಲ, ಅಷ್ಟೇ. ಒಂಬತ್ತು ಅಂದ್ರೆ, ಅಡುಗೆ ಯಾರದ್ದು ಅಂತ ಕೇಳ್ತಾರೆ ಮಾಸ್ಟ್ರೇ.”

ಒಂಬತ್ತರ ಮನೆಗೆ ಬರಬೇಕು, ಒಂಬತ್ತು ಪಾಯಿಂಟ್ ಒಂಬತ್ತಾದರೂ ಸರಿ, ಎರಡಂಕೆ ಇರಬಾರದು. ಅವರಿಗೆ ಆಟದಿಂದ ಬೇಕಾಗಿದ್ದದ್ದು ಅದೊಂದೇ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಹತ್ತೂ ಚಿಲ್ಲರೆಗೆ ಬಂದಿದ್ದರು. ಅದೇ ಹೊತ್ತಿಗೆ ಅವರ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಆಪರೇಷನ್ನಿಗೆ ದಿನ ನಿಗದಿಯಾಯಿತು. ಅದಕ್ಕೆ ಮೊದಲು ಉಳಿದದ್ದು ಒಂದೇ ಭಾನುವಾರ. ಆಮೇಲೆ ಆಡುವೆನೆಂಬ ಧೈರ್ಯ ಅವರಿಗಿರಲಿಲ್ಲ. ಇವತ್ತು ಆಗಬೇಕು ಎಂದು ವ್ಯಾನಿನಲ್ಲಿ ಒಂದು ಸಲ ಹೇಳಿದರು, ಮತ್ತೆ ಹೇಳಲಿಲ್ಲ.

ಅವತ್ತಿನಂಥ ಆಟವನ್ನು ಅವರು ಆಡಿದ್ದು ನಾನು ಕಂಡಿರಲಿಲ್ಲ. ನೋವಿಗೆ ಒಂದೆರಡು ಕಡೆ ಕೋಲೂರಿ ನಿಂತರು, ಆದರೆ ಚೆಂಡು ಹೇಳಿದ ಮಾತು ಕೇಳುತ್ತಿತ್ತು. ಕೊನೆಯ ಕುಳಿಯಲ್ಲಿ ಅವರ ಎರಡನೆಯ ಹೊಡೆತ ಬಲಕ್ಕೆ ಸರಿದು ಗೇರುಮರದ ಆಚೆ ಜಲ್ಲಿನೆಲದಲ್ಲಿ ಬಿತ್ತು. ನಾವು ಹತ್ತಿರ ಹೋದಂತೆ ಒಂದು ಟಿಟ್ಟಿಭ ಹಕ್ಕಿ ತಲೆಯ ಮೇಲೆ ಚೀರುತ್ತ ಸುತ್ತತೊಡಗಿತು. ಚೆಂಡಿನಿಂದ ಒಂದು ಗೇಣು ಹಿಂದೆ ಬರಿಯ ನೆಲದಲ್ಲೇ ಮೊಟ್ಟೆಗಳಿದ್ದವು. ಮೂರೋ ನಾಲ್ಕೋ, ನಾನು ಹೇಳುವಾಗೆಲ್ಲ ನಾಲ್ಕು ಎನ್ನುತ್ತೇನೆ, ಖಾತ್ರಿಯಿಲ್ಲ. ಕೋಲು ಬೀಸಿದರೆ ಅವುಗಳ ಮೇಲಿಂದಲೇ ಬರಬೇಕು.

ತುಸು ಎತ್ತರದಿಂದ ಇಳಿಸಿ ಹೊಡೆದರೆ ತಾಗಲಿಕ್ಕಿಲ್ಲ ಎಂದೆ. ಅವರು ಬಗ್ಗಿ ನೋಡಿದರು.

“ತಾಗಿದ್ರೆ?” ಎಂದರು. ಆಮೇಲೆ ಚೆಂಡನ್ನು ಎತ್ತಿಕೊಂಡರು. “ಒಂದು ಸೇರಿಸಿ ಬರೀರಿ ಮಾಸ್ಟ್ರೇ.”

ಆಡಲಾಗದ ಚೆಂಡನ್ನು ಎತ್ತಿ ಪಕ್ಕದಲ್ಲಿ ಬಿಟ್ಟು ಆಡಬಹುದು, ಅದಕ್ಕೆ ದಂಡ ಒಂದು ಹೊಡೆತ. ಇಷ್ಟು ನನಗೆ ಗೊತ್ತಿತ್ತು. ಐದು ಆಗಬೇಕಾದಲ್ಲಿ ಆರು ಬರೆದೆ, ರುಜು ಹಾಕಿದೆ. ಮೈದಾನದ ಕಚೇರಿಯ ಕಂಪ್ಯೂಟರಿನಲ್ಲಿ ಹತ್ತು ಪಾಯಿಂಟ್ ಸೊನ್ನೆ ಬಂತು. ಒಂದು ಹೊಡೆತ ಕಡಿಮೆಯಿದ್ದರೆ ಒಂಬತ್ತರ ಮನೆಗೆ ಹೋಗುತ್ತಿತ್ತು ಎಂದು ಅಲ್ಲಿನ ಗುಮಾಸ್ತರು ಪಾಪ ಅನ್ನಿಸಿ ಹೇಳಿದರು. ಧಣಿ ನಕ್ಕು, ಹತ್ತೂ ಕೆಟ್ಟದ್ದಲ್ಲ ಎಂದರು.

ಬರುವಾಗ ತೋಡಾರಿನ ತನಕ ಮಾತಿಲ್ಲ. ಅಲ್ಲಿ ವ್ಯಾನು ನಿಧಾನಿಸಿ, “ಆ ಒಂದು ಹೊಡೆತಕ್ಕೆ ನನಗೆ ಬೇಜಾರಿಲ್ಲ. ಅದು ನಾನು ಕೊಟ್ಟದ್ದು,” ಎಂದರು.

ಜುಲೈಯಲ್ಲಿ, ಮಳೆಯ ಒಂದು ರಜೆಯ ದಿನ, ಕಪಾಟು ಒರೆಸುತ್ತಿದ್ದವನು ಆ ನಿಯಮದ ಪುಸ್ತಕವನ್ನು ತೆರೆದೆ. ಹಕ್ಕಿಯ ಗೂಡಿನಂಥ ಪ್ರಾಣಿಯ ನೆಲೆಗೆ ಹೊಡೆತದಿಂದ ಹಾನಿಯಾಗುವಂತಿದ್ದರೆ ಚೆಂಡನ್ನು ಎತ್ತಿ ಆಚೆ ಬಿಟ್ಟು ಆಡಬಹುದು, ದಂಡವಿಲ್ಲ ಎಂದಿತ್ತು. ಎರಡು ಸಲ ಓದಿದೆ. ಆಟ ಕೇಳದೇ ಇದ್ದ ಹೊಡೆತವನ್ನು ನಾವಿಬ್ಬರೂ ಸೇರಿ ಕೊಟ್ಟು ಬಂದಿದ್ದೆವು. ಒಂದು ಜೀವವನ್ನು ಉಳಿಸಿದರೆ ನಮಗೇನಾದರೂ ನಷ್ಟವಾಗಲೇಬೇಕು ಎಂಬುದು ಅವರಿಗೆ ಎಷ್ಟು ಸಹಜವಾಗಿತ್ತೆಂದರೆ, ನಿಯಮ ಬೇರೆ ಏನಾದರೂ ಹೇಳುತ್ತದೆಯೇ ಎಂದು ಕೇಳಲೇ ಇಲ್ಲ. ಕೇಳಿದ್ದರೂ ಉತ್ತರಿಸಬೇಕಾದವನು ನಾನು.

ಆಪರೇಷನ್ ಆದ ಮೇಲೆ ಅವರು ಮಲಗಿದಲ್ಲೇ ಇದ್ದರು. ಮೂರು ಸಲ ನೋಡಲು ಹೋದೆ, ಮೂರು ಸಲವೂ ಪುಸ್ತಕ ಚೀಲದಲ್ಲಿತ್ತು. ಎರಡೂ ಕೈಗಳು ಈಗ ಒಂದೇ ಬಣ್ಣಕ್ಕೆ ಬಂದಿದ್ದವು. ಕಚೇರಿಗೆ ಒಂದು ಫೋನ್ ಮಾಡಿ ವಿಷಯ ತಿಳಿಸಿದ್ದರೆ ಅಂಕೆಯನ್ನು ತಿದ್ದುತ್ತಿದ್ದರು. ಮಳೆ ಬಿಟ್ಟ ಮೇಲೆ ಒಂದು ಸಲ ಹೋಗುವ, ಆಡದಿದ್ದರೂ ನೋಡಿ ಬರುವ ಎಂದು ಧಣಿ ಹೇಳಿದರು. ಹೋಗುವ ಎಂದೆ. ಪುಸ್ತಕ ತೆಗೆಯಲಿಲ್ಲ.

ಏಕೆಂದು ನನ್ನನ್ನೇ ಕೇಳಿಕೊಂಡಾಗ ಸಿಕ್ಕ ಉತ್ತರ, ಅವರು ತೋಡಾರಿನಲ್ಲಿ ಹೇಳಿದ ಮಾತು. ಕೊಟ್ಟದ್ದು ಎಂದು ಸಮಾಧಾನಪಟ್ಟವರಿಗೆ, ಯಾರೂ ಕೇಳಿರಲಿಲ್ಲ ಎನ್ನುವುದು ಹೇಗೆ? ಈ ಉತ್ತರ ನನಗೆ ಹಿತವಾಗಿತ್ತು. ಆದರೆ ಆ ಭಾನುವಾರದ ನನ್ನ ಡೈರಿಯಲ್ಲಿ ಇರುವುದು ಇಷ್ಟೇ: ‘ಧಣಿ 10.0. ವಿಪರೀತ ಬಿಸಿಲು. ಮನೆಯ ತನಕ ಮಾತಿಲ್ಲ.’ ಮನೆಯ ತನಕ ಎಂದಿದೆ. ತೋಡಾರಿನ ಮಾತು ಇಲ್ಲ. ಅವರು ಹೇಳಿದ್ದನ್ನು ನಾನು ಬರೆಯಲಿಲ್ಲವೋ, ಓದದ ಪುಸ್ತಕದ ನಾಚಿಕೆ ಮುಚ್ಚಲು ಆಮೇಲೆ ನಾನೇ ಅವರ ಬಾಯಲ್ಲಿ ಇಟ್ಟೆನೋ, ಇವತ್ತಿಗೂ ತಿಳಿಯುತ್ತಿಲ್ಲ. ವ್ಯಾನು ನಿಧಾನಿಸಿದ್ದು ಕಣ್ಣಿಗೆ ಕಟ್ಟಿದಂತಿದೆ. ಕಣ್ಣಿಗೆ ಕಟ್ಟಿದ್ದೆಲ್ಲ ನಡೆದದ್ದೇ ಎನ್ನಲು ನನಗೆ ಧೈರ್ಯವಿಲ್ಲ.

ಮಳೆ ಬಿಡುವ ಮೊದಲೇ ಅವರು ಹೋದರು.

ತಿಂಗಳು ಕಳೆದು, ತಡೆಯಲಾಗದೆ, ಅವರ ಹೆಂಡತಿಯಲ್ಲಿಗೆ ಪುಸ್ತಕ ಹಿಡಿದುಕೊಂಡು ಹೋದೆ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಆಟ ಅವರಿಗೆ ತಿಳಿಯದು. ಮೊಟ್ಟೆ, ದಂಡ, ನಿಯಮ ಎಲ್ಲವನ್ನೂ ನಿಧಾನವಾಗಿ ಹೇಳಿದೆ. ಅವರು ಪುಸ್ತಕವನ್ನು ಮುಟ್ಟಲಿಲ್ಲ.

“ಅಂದ್ರೆ ಅವರದ್ದು ಒಂಬತ್ತು ಆಗಿತ್ತಾ?”

“ಹೌದು ಅಕ್ಕ.”

“ನಿಮಗೆ ಯಾವಾಗ ಗೊತ್ತಾದದ್ದು?”

“ಜುಲೈಯಲ್ಲಿ.”

“ಆಗ ಇದ್ರಲ್ಲ ಅವರು,” ಎಂದರು.

ಬೈಗುಳವಾಗಿರಲಿಲ್ಲ ಅದು. ದಿನ ಎಣಿಸಿದವರಂತೆ ಹೇಳಿದರು. ಕೊಟ್ಟದ್ದಕ್ಕೆ ಅವರಿಗೆ ಬೇಜಾರಿರಲಿಲ್ಲ ಅಕ್ಕ, ಅವರೇ ಹೇಳಿದ್ದರು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಅವರು ನಂಬುತ್ತಿದ್ದರು. ನಾನು ಹೇಳಲಿಲ್ಲ.