ಅಜ್ಜನ ಪಾರ್ಟ್ ಟೈಮ್ ನೌಕರಿ

ಕಳೆದ ವಾರ ಕುಷ್ಟಗಿಯಿಂದ ಕೊಪ್ಪಳಕ್ಕೆ ಹೊರಟ ಬಸ್ಸಿನಲ್ಲಿ, ನನ್ನ ಪಕ್ಕ ಕೂತಿದ್ದ ಕಾಲೇಜು ಹುಡುಗಿಯ ಮೊಬೈಲಿನಿಂದ ಟುಣುಟುಣು ಎಂದು ಒಂದು ರಾಗ ಕೇಳಿಸಿತು. ಹಳೇ ಕಂಪ್ಯೂಟರ್ ಆಟಗಳಲ್ಲಿ ಬರುತ್ತಿತ್ತಲ್ಲ, ತಗಡಿನ ಡಬ್ಬಿಯಲ್ಲಿ ಕಾಳು ಕುಣಿಸಿದಂಥ ಸಂಗೀತ, ಅದೇ. ಬಗ್ಗಿ ನೋಡಿದೆ. ಚೌಕಚೌಕ ಚುಕ್ಕೆಗಳಿಂದ ಕಟ್ಟಿದ ಪುಟ್ಟ ಊರು, ಅದರ ಬೀದಿಯಲ್ಲಿ ಒಬ್ಬ ಹುಡುಗ ಪೇಪರು ಹಂಚುತ್ತ ಓಡುತ್ತಿದ್ದ. ಆ ಸೆಕೆಯಲ್ಲಿ ನನ್ನ ಮೂಗಿಗೆ ಬಿಸಿಯಾದ ಮಾನಿಟರಿನ ಧೂಳಿನ ವಾಸನೆಯೂ ಅಜ್ಜನ ನಶ್ಯದ ವಾಸನೆಯೂ ಒಟ್ಟಿಗೇ ಬಡಿದವು.

ಯಲಬುರ್ಗಾದ ನಮ್ಮ ಮಾಳಿಗೆ ಮನೆ ಬೇಸಿಗೆಯಲ್ಲೂ ತಂಪಾಗಿರುತ್ತಿತ್ತು. ಆ ತಂಪಿಗೆ ಮಣ್ಣಿನ ಗೋಡೆ ಎಷ್ಟು ಕಾರಣವೋ ಅಜ್ಜನ ಮೇಲಿನ ಹೆದರಿಕೆಯೂ ಅಷ್ಟೇ ಕಾರಣವೆಂದು ನನಗೆ ಅನಿಸುತ್ತಿತ್ತು. ಅವನು ತಾಲ್ಲೂಕು ಕಚೇರಿಯ ಸಿರಸ್ತೇದಾರನಾಗಿ ನಿವೃತ್ತನಾಗಿದ್ದ. ಆಮೇಲೂ ಹತ್ತು ಗಂಟೆಗೆ ಸರಿಯಾಗಿ ಇಸ್ತ್ರಿ ಅಂಗಿ ತೊಟ್ಟು ಪಡಸಾಲೆಯ ಕುರ್ಚಿಯಲ್ಲಿ ಕೂರುತ್ತಿದ್ದ, ಐದೂವರೆಗೆ ಎದ್ದು ಅಂಗಿ ಕಳಚುತ್ತಿದ್ದ. ಚಹಾ ಬೇಕಾದರೆ ಬಾಯಿ ಬಿಡುತ್ತಿರಲಿಲ್ಲ, ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ಬಡಿಯುತ್ತಿದ್ದ. ಅಜ್ಜಿ ಒಳಗಿನಿಂದ ತಂದಿಟ್ಟು ಹೋಗುತ್ತಿದ್ದಳು. ಅವನು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇದ್ದಿರಬೇಕು. ಹೀಗಿರುವಾಗ, ಗಂಗಾವತಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ನಮ್ಮ ಕಾಕಾ, ತನ್ನಲ್ಲಿ ಹಳತಾದ ಒಂದು ಯಂತ್ರವನ್ನು ನನಗೆಂದು ತಂದು ಅದೇ ಪಡಸಾಲೆಯಲ್ಲಿ ಇಟ್ಟುಬಿಟ್ಟ. ನನ್ನ ಐದನೇ ಇಯತ್ತೆ ಮುಗಿದು ರಜೆ ಬಿದ್ದಿತ್ತು. ಅದರೊಳಗೆ ಒಂದೇ ಒಂದು ಆಟವಿತ್ತು. ಹೊಸ ಊರಿಗೆ ಬಂದ ಹುಡುಗನೊಬ್ಬ ಬಾಡಿಗೆ ಕೋಣೆ ಹಿಡಿದು, ಚಹಾದಂಗಡಿಯಲ್ಲಿ, ಬೇಕರಿಯಲ್ಲಿ, ಹೂವಿನಂಗಡಿಯಲ್ಲಿ ಒಂದೆರಡು ತಾಸಿನ ಕೆಲಸ ಮಾಡುತ್ತ ಬದುಕುವುದು, ಅಷ್ಟೇ ಆಟ.

ಎರಡು ದಿನ ಅಜ್ಜ ಪೇಪರಿನ ಮರೆಯಿಂದ ನೋಡಿದ. ಮೂರನೇ ದಿನ ಕೇಳಿಯೇಬಿಟ್ಟ.

"ಆ ಹುಡುಗ ಯಾವ ಹುದ್ದೆ ಮ್ಯಾಲ ಅದಾನವಾ?"

"ಪಾರ್ಟ್ ಟೈಮ್ ಅಜ್ಜಾ. ಮುಂಜಾನೆ ಪೇಪರ್ ಹಾಕ್ತಾನ, ಮಧ್ಯಾಹ್ನ ಚಾದಂಗಡಿ."

"ಪರ್ಮನೆಂಟ್ ಯಾವಾಗ ಮಾಡ್ತಾರ?"

"ಮಾಡಂಗಿಲ್ಲ."

"ಪೆನ್ಶನ್?"

"ಇಲ್ಲಜ್ಜಾ."

ಅಜ್ಜ ಯಾರೋ ತೀರಿಕೊಂಡ ಸುದ್ದಿ ಕೇಳಿದವನಂತೆ ಕಣ್ಣು ಮುಚ್ಚಿದ. ಆಮೇಲೆ ಕುರ್ಚಿಯನ್ನು ಕಂಪ್ಯೂಟರಿನ ಮುಂದಕ್ಕೆ ಎಳೆದುಕೊಂಡು, "ಅತ್ತಾಗ ಸರಿ. ಇವನ್ನ ಒಂದು ದಂಡಿಗೆ ಹಚ್ಚಬೇಕು" ಅಂದ.

ದಡ ಸೇರಿಸುವುದಿರಲಿ, ಆಟದ ಚಹಾದಂಗಡಿಯಲ್ಲಿ ಆ ಹುಡುಗನನ್ನು ನಡೆಸುತ್ತಿದ್ದ ಅಜ್ಜ ಮೊದಲ ದಿನವೇ ಮೂರು ಕಪ್ಪು ಚೆಲ್ಲಿದ. ಬೋಳುತಲೆಯ ಮಾಲೀಕ ತೆರೆಯ ಮೇಲೆ ಬಂದು, ನಾಳೆಯಿಂದ ಬರಬೇಡ ಎಂದು ಇಂಗ್ಲಿಷಿನಲ್ಲಿ ಹೇಳಿದ. ನಮ್ಮ ಮನೆಯಲ್ಲಿ ಇಂಗ್ಲಿಷು ಸರಿಯಾಗಿ ಬರುತ್ತಿದ್ದುದು ಅಜ್ಜನೊಬ್ಬನಿಗೆ, ಹಾಗಾಗಿ ಅವಮಾನವೂ ಅವನೊಬ್ಬನಿಗೇ ಪೂರ್ತಿ ತಟ್ಟಿತು. "ನೋಟೀಸ್ ಇಲ್ಲದ ಹೆಂಗ ತಗೀತಾನ ಈ ಬೋಳ್ಯಾ?" ಎಂದು ತೆರೆಗೇ ಗದರಿದ. ಅಂದು ಅವನಿಗೆ ಊಟ ಸೇರಲಿಲ್ಲ. ಮರುದಿನ ಫುಲ್‌ಸ್ಕೇಪ್ ಹಾಳೆಯ ಮೇಲೆ ಒಂದು ಪುಟದ ವಿವರಣೆ ಬರೆದು, ಸಹಿ ಮಾಡಿ, ನಾಲ್ಕು ಮಡಿಕೆ ಮಾಡಿ, "ಇದನ್ನ ಅವಗ ಮುಟ್ಟಸು" ಎಂದು ನನ್ನ ಕೈಗಿತ್ತ. ಸಿರಸ್ತೇದಾರರ ಮಾತು ಮೀರುವುದುಂಟೆ? ಕಂಪ್ಯೂಟರಿನಲ್ಲಿ ನನಗೆ ಕಂಡ ಬಾಗಿಲು ಒಂದೇ, ಸಿಡಿ ಹಾಕುವ ಜಾಗ. ಅದರೊಳಗಿಟ್ಟು ಮುಚ್ಚಿದೆ. ಒಳಗಿನಿಂದ ಗಿರಣಿಯಲ್ಲಿ ಕಲ್ಲು ಸಿಕ್ಕಂಥ ಸದ್ದು ಬಂತು. ಅಜ್ಜ ತೃಪ್ತಿಯಿಂದ, "ಓದಾಕತ್ತಾನ ನೋಡು" ಅಂದ. ಕಾಕಾ ಗಂಗಾವತಿಯಿಂದ ಬಂದು ಯಂತ್ರ ಬಿಚ್ಚಿ ಚೂರುಗಳನ್ನು ಹೊರಗೆ ತೆಗೆಯುವಾಗ ಅಜ್ಜನೂ ನಾನೂ ಗೋಡೆಗೆ ಒರಗಿ ನಿಂತಿದ್ದೆವು.

ಆಮೇಲೆ ಅಜ್ಜ ಯಾರೂ ನಿರೀಕ್ಷಿಸದ್ದನ್ನು ಮಾಡಿದ. ಅಡುಗೆಮನೆಯ ಹೊಸ್ತಿಲು ದಾಟಿದ. ರೊಟ್ಟಿ ಬಡಿಯುತ್ತಿದ್ದ ಅಜ್ಜಿಯ ಕೈ ಹಾಗೇ ನಿಂತಿತು. "ಒಂದು ಟ್ರೇ ಕೊಡು, ನಾಕು ಕಪ್ಪು ಕೊಡು, ನೀರು ತುಂಬು" ಎಂದು ಅಪ್ಪಣೆಯಾಯಿತು. ನಲವತ್ತು ವರ್ಷ ಸಂಸಾರ ಮಾಡಿದ ಗಂಡ ನೀರು ತುಂಬಿದ ಕಪ್ಪು ಹೊತ್ತು ಒಲೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಒಲೆಗೆ ನಡೆಯತೊಡಗಿದಾಗ ಅಜ್ಜಿ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದಳು, "ಬಿಸಲಾಗ ಎಲ್ಲ್ಯರ ಹೋಗಿದ್ರೇನ?" ಪ್ರತಿ ಸುತ್ತಿಗೂ ನೀರು ಚೆಲ್ಲುತ್ತಿತ್ತು. ಎಂಟನೇ ಸುತ್ತಿಗೆ ಅಜ್ಜಿಗೆ ತಡೆಯಲಾಗಲಿಲ್ಲ.

"ಕಪ್ಪು ನೋಡಬ್ಯಾಡ್ರಿ. ಕಪ್ಪು ನೋಡಿದ್ರ ಚೆಲ್ಲೇ ಚೆಲ್ತತಿ. ಯಾರಿಗೆ ಕೊಡ್ತೀರಿ ಅವ್ರ ಮಾರಿ ನೋಡ್ರಿ."

ಎದುರಿಗೆ ಇದ್ದವಳು ಅಜ್ಜಿಯೇ. ಅಜ್ಜ ಅವಳ ಮುಖ ನೋಡುತ್ತ ನಡೆದ. ಒಂದು ಹನಿ ಚೆಲ್ಲಲಿಲ್ಲ. ಟ್ರೇ ಅವಳ ಮುಂದೆ ಹಿಡಿದವನು ಅವಳ ಹಣೆಯ ಕಡೆ ಬಗ್ಗಿ ನೋಡಿದ. "ನಿನ್ನ ಹಣಿ ಮ್ಯಾಲಿನ ಸುಟ್ಟ ಕಲಿ ಯಾವಾಗಿಂದು?" ಎಂದು ಕೇಳಿದ.

"ನಿಮ್ಮ ಮಗಾ ಹುಟ್ಟೂಕಿಂತ ಮೊದಲಿಂದು" ಎಂದು ಅಜ್ಜಿ ಮತ್ತೆ ರೊಟ್ಟಿಗೆ ಕೂತಳು.

ಆಟ ಮೊದಲಿನಿಂದ ಶುರು ಮಾಡಿ ಅಜ್ಜ ಅದೇ ಚಹಾದಂಗಡಿಗೆ ಮತ್ತೆ ಸೇರಿದ, ಅಜ್ಜಿಯ ಉಪಾಯ ಆಟದಲ್ಲೂ ಫಲಿಸಿತು. ಅಲ್ಲಿ ಕಾದು ಸುಸ್ತಾದ ಗಿರಾಕಿಗಳ ಮುಖ ಕೆಂಪಗಾಗುತ್ತಿತ್ತು, ಅಜ್ಜ ಅದನ್ನು ಈವರೆಗೆ ಕಂಡೇ ಇರಲಿಲ್ಲ. ಈಗ ಮುಖ ನೋಡಿ ನೋಡಿ ಕೊಟ್ಟ. ರಜೆ ಮುಗಿಯುವ ಹೊತ್ತಿಗೆ ಬೋಳು ಮಾಲೀಕ ಕೈಮುಗಿದು ಅವನನ್ನು ಮ್ಯಾನೇಜರ್ ಮಾಡಿದ. ಮ್ಯಾನೇಜರಿಗೆ ಗಲ್ಲಾದ ಹಿಂದೆ ಕೂರುವುದೊಂದೇ ಕೆಲಸ. ಅಜ್ಜ ಅರ್ಧ ದಿನ ಕೂತ. "ಕುಂದ್ರೂದನ್ನ ಮೂವತ್ತೈದು ವರ್ಷ ಮಾಡೀನಿ, ಸಾಕು" ಎಂದು ರಾಜೀನಾಮೆ ಒತ್ತಿ ಮತ್ತೆ ಟ್ರೇ ಹಿಡಿದ. ಅದೇ ವಾರ, ಅವನ ಕೈಕೆಳಗೆ ಗುಮಾಸ್ತರಾಗಿದ್ದವರೊಬ್ಬರು ಮಗಳ ಲಗ್ನಪತ್ರಿಕೆ ಹಿಡಿದು ಬಂದರು. ಒಳಗಿನಿಂದ ಚಹಾ ತಂದದ್ದು ಅಜ್ಜ. ಆ ಮನುಷ್ಯ ಬೆಂಕಿ ತಗುಲಿದವರಂತೆ ಎದ್ದು ನಿಂತು, "ಸಾಹೇಬ್ರ, ನೀವ್ಯಾಕ್ರಿ!" ಎಂದರು. "ಕೂಡ್ರಿ, ಚಾ ಆರ್ತತಿ" ಎಂದು ಅಜ್ಜ ಅವರ ಮುಖವನ್ನೇ ನೋಡುತ್ತ ಕಪ್ಪು ಕೊಟ್ಟ. ಬಾಗಿಲ ಮರೆಯಲ್ಲಿ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕಂಪ್ಯೂಟರು ಒಂದು ಮಳೆಗಾಲದಲ್ಲಿ ಸಿಡಿಲಿಗೆ ಸುಟ್ಟುಹೋಯಿತು. ಆ ಮಾಳಿಗೆ ಮನೆಯೂ ಈಗಿಲ್ಲ, ಕೆಡವಿದ ಜಾಗದಲ್ಲಿ ಸಾಲು ಮಳಿಗೆಗಳು ಎದ್ದಿವೆ. ಅಜ್ಜಿಯ ಕೊನೆಯ ಎರಡು ವರ್ಷ ಅವಳ ಮೊಣಕಾಲು ಏಳಗೊಡಲಿಲ್ಲ. ಬೆಳಗಿನ ಚಹಾ ಅಜ್ಜನ ಕೈಯದೇ. ಸಕ್ಕರೆ ಹೆಚ್ಚಾಯಿತು, ಶುಂಠಿ ಜಜ್ಜಿಲ್ಲ, ಹಾಲು ಸೀಯಿಸಿದ್ದೀರಿ ಎಂದು ಅವಳು ದಿನಕ್ಕೊಂದು ತಕರಾರು ತೆಗೆಯುತ್ತಿದ್ದಳು. ಊರನ್ನೇ ಗದರಿಸಿದ ಮನುಷ್ಯ ತಲೆ ಬಾಗಿಸಿ, "ನಾಳಿಗೆ ಸರಿ ಮಾಡ್ತೀನಿ" ಅನ್ನುತ್ತಿದ್ದ. ಅವಳು ಅರ್ಧ ಕುಡಿದು ಉಳಿದದ್ದನ್ನು ಕಪ್ಪಿನಡಿಯ ಬಸಿಗೆ ಸುರಿದು ಅವನ ಕಡೆ ಸರಿಸುತ್ತಿದ್ದಳು.

ಅಜ್ಜಿ ಹೋದ ಮೇಲೆ ಅಜ್ಜ ಚಹಾ ಬಿಟ್ಟುಬಿಟ್ಟ. ಕೇಳಿದವರಿಗೆಲ್ಲ ಪಿತ್ತ ಆಗುತ್ತದೆ ಎಂದು ಹೇಳುತ್ತಿದ್ದ.